ಹತ್ತು ವರ್ಷದ ಕರಾರು, ಐದು ವರ್ಷದ ಆಟ

2000ನೇ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಬೇಸ್‌ಬಾಲ್ ಕ್ಲಬ್ ಟೆಕ್ಸಾಸ್ ರೇಂಜರ್ಸ್, ಅಲೆಕ್ಸ್ ರೋಡ್ರಿಗಸ್ ಎಂಬ 25 ವರ್ಷ ವಯಸ್ಸಿನ ಆಟಗಾರರೊಡನೆ 10 ವರ್ಷಗಳ ಅವಧಿಯ ಕರಾರೊಂದನ್ನು ಮಾಡಿಕೊಂಡಿತು. ಅದರ ಒಟ್ಟು ಮೊತ್ತ 25 ಕೋಟಿ 20 ಲಕ್ಷ ಡಾಲರ್. ಕ್ಲಬ್ಬಿನ ಒಡೆಯರಾದ ಟಾಮ್ ಹಿಕ್ಸ್ ಅದಕ್ಕೆ ಎರಡು ವರ್ಷ ಮೊದಲು, 1998ರಲ್ಲಿ, ಇಡೀ ಕ್ಲಬ್ಬನ್ನು ಕೊಂಡದ್ದು ಸುಮಾರು 25 ಕೋಟಿ ಡಾಲರಿಗೆ. ಒಂದು ಹತ್ತು ವರ್ಷಗಳಲ್ಲಿ ತೆರಬೇಕಾದ ಹಣ, ಇನ್ನೊಂದು ಒಮ್ಮೆಗೇ ತೆತ್ತ ಹಣ. ಆದುದರಿಂದ ಇವೆರಡನ್ನು ಸಮನಾಗಿ ತೂಗುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೂ ಒಂದು ಸಂಸ್ಥೆಯ ಕ್ರಯದಷ್ಟೇ ಹಣವನ್ನು ಅದರ ಒಬ್ಬ ನೌಕರನಿಗೆ ಕೊಡುವೆನೆಂದು ಬರೆದುಕೊಟ್ಟ ಪ್ರಸಂಗ ವ್ಯಾಪಾರದ ಇತಿಹಾಸದಲ್ಲಿ ಅಪರೂಪವೇ ಸರಿ.

ಆಮೇಲೆ ನಡೆದದ್ದು ಇನ್ನೂ ಗಮನಾರ್ಹ. ರೋಡ್ರಿಗಸ್ ತಮ್ಮ ಪಾಲಿನ ಕೆಲಸದಲ್ಲಿ ಯಾವ ಲೋಪವನ್ನೂ ಮಾಡಲಿಲ್ಲ. 2001, 2002 ಮತ್ತು 2003ರಲ್ಲಿ ಅಮೆರಿಕನ್ ಲೀಗಿನಲ್ಲಿ ಅತ್ಯಧಿಕ ಹೋಂ ರನ್ ಹೊಡೆದವರು ಅವರೇ. 2003ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರಿಗೇ ಸಂದಿತು. ಆದರೆ ಆ ಮೂರೂ ವರ್ಷಗಳಲ್ಲಿ ರೇಂಜರ್ಸ್ ತಂಡ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. 2004ರಲ್ಲಿ ಕ್ಲಬ್ಬು ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಬಿಟ್ಟುಕೊಟ್ಟಿತು. ಉಳಿದಿದ್ದ 17 ಕೋಟಿ 90 ಲಕ್ಷ ಡಾಲರ್ ವೇತನದಲ್ಲಿ 6 ಕೋಟಿ 70 ಲಕ್ಷವನ್ನು ತಾನೇ ಕೊಡುವುದಾಗಿ ಒಪ್ಪಿ ಬಿಟ್ಟುಕೊಟ್ಟಿತು. 2010ರ ಮೇ ತಿಂಗಳಿನಲ್ಲಿ ರೇಂಜರ್ಸ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿದಾಗ, ಭದ್ರತೆಯಿಲ್ಲದೆ ಬಾಕಿ ಬರಬೇಕಾದವರ ಪಟ್ಟಿಯ ಮೊದಲ ಹೆಸರು ಅಲೆಕ್ಸ್ ರೋಡ್ರಿಗಸ್ ಅವರದಾಗಿತ್ತು. ತಂಡವನ್ನು ತೊರೆದು ಆರು ವರ್ಷಗಳಾಗಿದ್ದ ಆಟಗಾರರಿಗೆ ಸಂಸ್ಥೆ ತೆರಬೇಕಿದ್ದ ಮುಂದೂಡಿದ ವೇತನ 2 ಕೋಟಿ 49 ಲಕ್ಷ ಡಾಲರ್.

ಈ ಬಗೆಯ ಕರಾರುಗಳನ್ನು ಕಂಡು ಸಾಮಾನ್ಯ ಜನ ಮೊತ್ತದ ಬಗ್ಗೆ ಬೆರಗಾಗುತ್ತಾರೆ, ಇಲ್ಲವೇ ಆಟಗಾರರ ದುರಾಸೆಯನ್ನು ಹಳಿಯುತ್ತಾರೆ. ವ್ಯಾಪಾರಿಯಾದವನು ನೋಡಬೇಕಾದದ್ದು ಬೇರೆ. ಕರಾರಿನ ಉದ್ದ ಎಷ್ಟು, ಅದರಲ್ಲಿ ಉಪಯೋಗಕ್ಕೆ ಬರುವ ಅವಧಿ ಎಷ್ಟು, ಮತ್ತು ಉಪಯೋಗ ಮುಗಿದ ಮೇಲೂ ಉಳಿಯುವ ಕಂತನ್ನು ತೆರುವವನು ಯಾರು ಎಂಬುದೇ ಆ ಪ್ರಶ್ನೆ.

ಇಂತಹ ಕರಾರು ಹುಟ್ಟುವ ಬಗೆ

ಐಪಿಎಲ್ ಹರಾಜಿನ ಸುದ್ದಿಗೆ ಒಗ್ಗಿದ ಓದುಗರಿಗೆ ಬೇಸ್‌ಬಾಲಿನ ಪದ್ಧತಿ ವಿಚಿತ್ರವೆನಿಸಬಹುದು. ಅಲ್ಲಿ 30 ಕ್ಲಬ್ಬುಗಳಿವೆ. ಪ್ರತಿಯೊಂದು ಕ್ಲಬ್ಬೂ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಕರಾರಿಗೆ ಸಹಿ ಬಿದ್ದರೆ ಅದರ ವೇತನ ಬಹುಮಟ್ಟಿಗೆ ಖಚಿತ. ಆಟಗಾರ ಗಾಯಗೊಂಡು ಮನೆಯಲ್ಲಿ ಕುಳಿತರೂ, ಆಟ ಕುಗ್ಗಿತೆಂದು ಕ್ಲಬ್ಬೇ ಅವನನ್ನು ಹೊರಗೆ ಕಳುಹಿಸಿದರೂ, ಹಣ ಕೊಡಲೇಬೇಕು.

1975ರ ಡಿಸೆಂಬರ್‌ವರೆಗೆ ಪರಿಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿತ್ತು. ಆಟಗಾರನನ್ನು ಕ್ಲಬ್ಬು ವರ್ಷದಿಂದ ವರ್ಷಕ್ಕೆ ತನ್ನ ಬಳಿಯೇ ಕಟ್ಟಿಹಾಕಿಕೊಳ್ಳಬಹುದಾಗಿತ್ತು. ಪಂಚಾಯ್ತಿದಾರರಾದ ಪೀಟರ್ ಸೈಟ್ಜ್ ಅವರು ಆ ತಿಂಗಳು ನೀಡಿದ ತೀರ್ಪು ಆ ಬಂಧನವನ್ನು ಸಡಿಲಿಸಿತು. ಅನಂತರ ಕ್ಲಬ್ಬುಗಳಿಗೂ ಆಟಗಾರರ ಸಂಘಕ್ಕೂ ಆದ ಒಡಂಬಡಿಕೆಯಂತೆ, ಉನ್ನತ ಲೀಗಿನಲ್ಲಿ 6 ವರ್ಷಗಳ ಸೇವೆ ಮುಗಿಸಿದ ಆಟಗಾರ ತನಗೆ ಬೇಕಾದ ಕ್ಲಬ್ಬಿನೊಡನೆ ಕರಾರು ಮಾಡಿಕೊಳ್ಳಲು ಸ್ವತಂತ್ರನಾದನು. ಇಂತಹವರನ್ನು ಅಲ್ಲಿ ಫ್ರೀ ಏಜೆಂಟ್ ಎನ್ನುತ್ತಾರೆ.

ಈ ಆರು ವರ್ಷಗಳ ನಿಯಮದಲ್ಲಿಯೇ ಸಮಸ್ಯೆಯ ಬೇರಿದೆ. ಮೊದಲ ಮೂರು ವರ್ಷ ಆಟಗಾರನಿಗೆ ದೊರೆಯುವುದು ಸಾಮಾನ್ಯವಾಗಿ ಕನಿಷ್ಠ ವೇತನದ ಆಸುಪಾಸು. 2025ರಲ್ಲಿ ಅದು 7 ಲಕ್ಷ 60 ಸಾವಿರ ಡಾಲರ್ ಆಗಿತ್ತು. ಮುಂದಿನ ಮೂರು ವರ್ಷ ಪಂಚಾಯ್ತಿಯ ಮೂಲಕ ಸ್ವಲ್ಪ ಹೆಚ್ಚಳವಾದರೂ ಪೂರ್ಣ ಮಾರುಕಟ್ಟೆ ದರ ಸಿಗದು. ಹೀಗಾಗಿ ದೇಹದಲ್ಲಿ ಕಸುವು ತುಂಬಿರುವ ವರ್ಷಗಳಲ್ಲಿ ಕಡಿಮೆ ಸಂಬಳ. ಮೂವತ್ತರ ಹೊಸ್ತಿಲಿಗೆ ಬಂದಾಗ ಮಾರುಕಟ್ಟೆ ಪ್ರವೇಶ. ಹಿಂದೆ ಕಳೆದುಕೊಂಡದ್ದನ್ನೂ ಸೇರಿಸಿ ಆಟಗಾರ ಕೇಳುತ್ತಾನೆ. ಇದನ್ನು ದುರಾಸೆಯೆನ್ನುವುದು ನ್ಯಾಯವಲ್ಲ. ಒಂದೇ ಬಾರಿ ಸಿಗುವ ಸಂತೆಯಲ್ಲಿ ಸರಕು ಮಾರುವವನು ಯಾರೇ ಆದರೂ ಹಾಗೆಯೇ ಮಾಡುತ್ತಾನೆ.

ಎರಡನೆಯ ಕಾರಣ ತೆರಿಗೆಯ ಲೆಕ್ಕ. ವೇತನದ ಒಟ್ಟು ಮೊತ್ತ ನಿಗದಿತ ಮಿತಿಯನ್ನು ಮೀರಿದರೆ ಕ್ಲಬ್ಬು ಲೀಗಿಗೆ ಸ್ಪರ್ಧಾ ಸಮತೋಲನ ತೆರಿಗೆಯನ್ನು ಕಟ್ಟಬೇಕು. 2025ರಲ್ಲಿ ಆ ಮಿತಿ 24 ಕೋಟಿ 10 ಲಕ್ಷ ಡಾಲರ್. ಮೊದಲ ವರ್ಷ ಮೀರಿದ ಹಣದ ಮೇಲೆ ಶೇ. 20, ಸತತ ಎರಡನೆಯ ವರ್ಷ ಶೇ. 30, ಮೂರನೆಯ ವರ್ಷದಿಂದ ಶೇ. 50, ಬಹಳ ಮೀರಿದವರಿಗೆ ಅದರ ಮೇಲೂ ಅಧಿಕ ಶುಲ್ಕ. ಈ ಲೆಕ್ಕಕ್ಕೆ ಹಿಡಿಯುವುದು ಆಯಾ ವರ್ಷ ಕೈಗೆ ಕೊಟ್ಟ ಹಣವನ್ನಲ್ಲ, ಕರಾರಿನ ವಾರ್ಷಿಕ ಸರಾಸರಿಯನ್ನು. ಉದಾಹರಣೆಗೆ, 2022ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಕ್ಲಬ್ಬು 30 ವರ್ಷದ ಕ್ಸಾಂಡರ್ ಬೋಗಾರ್ಟ್ಸ್ ಅವರೊಡನೆ 11 ವರ್ಷಕ್ಕೆ 28 ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. ಸರಾಸರಿ ವರ್ಷಕ್ಕೆ ಸುಮಾರು 2 ಕೋಟಿ 55 ಲಕ್ಷ. ಇದೇ ಮೊತ್ತವನ್ನು 7 ವರ್ಷಗಳಿಗೆ ಹಂಚಿದ್ದರೆ ಸರಾಸರಿ 4 ಕೋಟಿಯಾಗುತ್ತಿತ್ತು. ಕೊಡುವ ಹಣ ಅದೇ. ವರ್ಷಗಳನ್ನು ಎಳೆದಷ್ಟೂ ಪ್ರತಿ ವರ್ಷದ ಹೊರೆ ಕಾಗದದ ಮೇಲೆ ಹಗುರವಾಗಿ ಕಾಣುತ್ತದೆ.

ಬಾಲದ ಭಾರ

ಈಗ ಬಾಲದ ಕಡೆಯ ವರ್ಷಗಳನ್ನು ನೋಡೋಣ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 11 ವರ್ಷ ಆಡಿ ಮೂರು ಬಾರಿ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದಿದ್ದ ಆಲ್ಬರ್ಟ್ ಪುಹೋಲ್ಸ್ ಅವರನ್ನು 2011ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ಕ್ಲಬ್ಬು 10 ವರ್ಷಕ್ಕೆ 24 ಕೋಟಿ ಡಾಲರಿಗೆ ಸೇರಿಸಿಕೊಂಡಿತು. ಆಗ ಅವರಿಗೆ 32 ತುಂಬಲು ಒಂದು ತಿಂಗಳಷ್ಟೇ ಬಾಕಿ. ಆ ಕರಾರಿನ ಕಂತುಗಳ ಪಟ್ಟಿ ನೋಡುವಂತಿದೆ. 2012ರಲ್ಲಿ 1 ಕೋಟಿ 20 ಲಕ್ಷ, 2013ರಲ್ಲಿ 1 ಕೋಟಿ 60 ಲಕ್ಷ, 2014ರಲ್ಲಿ 2 ಕೋಟಿ 30 ಲಕ್ಷ. ಅಲ್ಲಿಂದ ವರ್ಷಕ್ಕೆ 10 ಲಕ್ಷದಂತೆ ಏರಿ 2021ರಲ್ಲಿ 3 ಕೋಟಿ. ಆಟಗಾರನ ದೇಹ ಇಳಿಮುಖವಾದಂತೆ ವೇತನ ಏರುಮುಖವಾಗುವ ಏಣಿ ಅದು.

ಫಲವೂ ಅದಕ್ಕೆ ತಕ್ಕಂತೆಯೇ ಆಯಿತು. ಕಾರ್ಡಿನಲ್ಸ್‌ನ 11 ವರ್ಷಗಳಲ್ಲಿ .328 ಇದ್ದ ಅವರ ಬ್ಯಾಟಿಂಗ್ ಸರಾಸರಿ ಏಂಜಲ್ಸ್‌ನಲ್ಲಿ .256ಕ್ಕೆ ಇಳಿಯಿತು. ಆ ಹತ್ತು ವರ್ಷಗಳಲ್ಲಿ ತಂಡ ಅಂತಿಮ ಹಂತದ ಪಂದ್ಯಗಳಿಗೆ ಅರ್ಹತೆ ಗಳಿಸಿದ್ದು 2014ರಲ್ಲಿ ಒಂದೇ ಬಾರಿ. ಆಗಲೂ ಒಂದು ಪಂದ್ಯವನ್ನೂ ಗೆಲ್ಲದೆ ಮರಳಿತು. 2021ರ ಮೇ ತಿಂಗಳಿನಲ್ಲಿ, ವೇತನ 3 ಕೋಟಿಗೆ ಮುಟ್ಟಿದ್ದ ವರ್ಷದಲ್ಲಿಯೇ, ಕ್ಲಬ್ಬು ಅವರನ್ನು ಬಿಡುಗಡೆ ಮಾಡಿತು. ಬೇರೊಂದು ತಂಡ ಕನಿಷ್ಠ ವೇತನಕ್ಕೆ ಅವರನ್ನು ತೆಗೆದುಕೊಂಡಿತು. ಉಳಿದ ಹಣವನ್ನು ಏಂಜಲ್ಸ್ ಕ್ಲಬ್ಬೇ ತೆರಬೇಕಾಯಿತು.

ಮುಪ್ಪು ಮೆಲ್ಲಗೆ ಬರುತ್ತದೆ. ಗಾಯ ಹೇಳಿ ಕೇಳಿ ಬರುವುದಿಲ್ಲ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ವರ್ಲ್ಡ್ ಸೀರೀಸ್ ಗೆದ್ದಾಗ ಆ ಸರಣಿಯ ಅತ್ಯುತ್ತಮ ಆಟಗಾರರಾಗಿದ್ದ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರೊಡನೆ ಕ್ಲಬ್ಬು ಅದೇ ಡಿಸೆಂಬರ್‌ನಲ್ಲಿ 7 ವರ್ಷಕ್ಕೆ 24 ಕೋಟಿ 50 ಲಕ್ಷ ಡಾಲರಿನ ಕರಾರಿಗೆ ಸಹಿ ಹಾಕಿತು. ಆಮೇಲೆ ಅವರು ಎಸೆದದ್ದು ಕೇವಲ 8 ಪಂದ್ಯಗಳಲ್ಲಿ. 2024ರಲ್ಲಿ ನಿವೃತ್ತರಾದರು. ಅದೇ ತಂಡದ ಇನ್ನೊಬ್ಬ ಆಟಗಾರ ಆಂಥೊನಿ ರೆಂಡನ್ ಅದೇ ವಾರ, ಅಷ್ಟೇ ವರ್ಷಕ್ಕೆ, ಅಷ್ಟೇ ಹಣಕ್ಕೆ ಏಂಜಲ್ಸ್ ಸೇರಿದರು. 2020ರಿಂದ 2024ರವರೆಗಿನ ಐದು ವರ್ಷಗಳಲ್ಲಿ ತಂಡ ಆಡಿದ 708 ಪಂದ್ಯಗಳ ಪೈಕಿ ಅವರು ಆಡಿದ್ದು 257. 2025ರಲ್ಲಿ ಒಂದನ್ನೂ ಆಡಲಿಲ್ಲ. ಇಬ್ಬರಲ್ಲಿ ಯಾರೂ ಕೆಲಸಗಳ್ಳರಲ್ಲ. ಮನುಷ್ಯನ ಭುಜ, ಸೊಂಟ, ಮಂಡಿಗಳಿಗೆ ಏಳು ವರ್ಷದ ಖಾತರಿಯನ್ನು ಯಾರೂ ಕೊಡಲಾರರು ಎಂಬುದಷ್ಟೇ ಇದರ ಅರ್ಥ.

ಎದುರು ವಾದ

ಹಾಗೆಂದು ಉದ್ದನೆಯ ಕರಾರೆಲ್ಲ ಮೂರ್ಖತನವೆಂದು ತೀರ್ಮಾನಿಸಿದರೆ ಅದೂ ಅವಸರದ ಮಾತಾದೀತು. ಇದಕ್ಕೆ ಎದುರಾಗಿ ಲೆಕ್ಕ ಬಲ್ಲವರು ಮುಂದಿಡುವ ವಾದ ಹೀಗಿದೆ. ಹತ್ತು ವರ್ಷದ ಕರಾರಿನಲ್ಲಿ ಕ್ಲಬ್ಬು ಕೊಳ್ಳುವುದು ಮೊದಲ ಐದು ವರ್ಷದ ಆಟವನ್ನು. ಉಳಿದ ಐದು ವರ್ಷದ ವೇತನ ಆ ಆಟದ ಬೆಲೆಯನ್ನೇ ಕಂತಿನಲ್ಲಿ ತೀರಿಸುವ ಕ್ರಮ. ಡಾಲರಿನ ಮೌಲ್ಯ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ಕಡೆಯ ಕಂತುಗಳು ಕಾಣುವಷ್ಟು ಭಾರವಲ್ಲ.

ಈ ವಾದದಲ್ಲಿ ತಿರುಳಿದೆ. ಬಾಬಿ ಬೊನಿಲಾ ಅವರ ಪ್ರಸಂಗವೇ ಅದಕ್ಕೆ ಸಾಕ್ಷಿ. 2000ದಲ್ಲಿ ನ್ಯೂಯಾರ್ಕ್ ಮೆಟ್ಸ್ ಕ್ಲಬ್ಬು ಅವರಿಗೆ ಕೊಡಬೇಕಿದ್ದ 59 ಲಕ್ಷ ಡಾಲರನ್ನು ಆಗಲೇ ಕೊಡದೆ, ಶೇ. 8ರ ಬಡ್ಡಿಯೊಡನೆ 2011ರಿಂದ 2035ರವರೆಗೆ 25 ಕಂತುಗಳಲ್ಲಿ ಕೊಡಲು ಒಪ್ಪಿತು. ಪ್ರತಿ ಜುಲೈ 1ರಂದು 11 ಲಕ್ಷ 93 ಸಾವಿರ ಡಾಲರ್. ಒಟ್ಟು ಸುಮಾರು 2 ಕೋಟಿ 98 ಲಕ್ಷ. ಅಮೆರಿಕದ ಪತ್ರಿಕೆಗಳು ಪ್ರತಿ ಜುಲೈ 1ರಂದು ಇದನ್ನು ನಗೆಯ ವಸ್ತುವಾಗಿಸುತ್ತವೆ. ಆದರೆ ಲೆಕ್ಕ ಹಾಕಿ ನೋಡಿದರೆ ನಗುವಂಥದ್ದೇನೂ ಇಲ್ಲ. 59 ಲಕ್ಷಕ್ಕೆ ಶೇ. 8ರ ಚಕ್ರಬಡ್ಡಿ ಸೇರಿ 11 ವರ್ಷಗಳಲ್ಲಿ ಸುಮಾರು 1 ಕೋಟಿ 37 ಲಕ್ಷವಾಗುತ್ತದೆ. ಅದನ್ನು ಅದೇ ದರದಲ್ಲಿ 25 ಮುಂಗಡ ಕಂತುಗಳಾಗಿ ಹಂಚಿದರೆ ಕಂತಿಗೆ 11 ಲಕ್ಷ 93 ಸಾವಿರವೇ ಬರುತ್ತದೆ. ಆಟಗಾರ ಲೂಟಿ ಮಾಡಲಿಲ್ಲ, ಶೇ. 8ಕ್ಕೆ ಸಾಲ ಕೊಟ್ಟನು. ತಪ್ಪಿದ್ದು ಮತ್ತೊಂದು ಕಡೆ. ಉಳಿದ ಹಣ ಬೇರೆಡೆ ಇದಕ್ಕಿಂತ ಹೆಚ್ಚು ದುಡಿಯುವುದೆಂಬ ನಂಬಿಕೆ ಒಡೆಯರಿಗಿತ್ತು, ಮತ್ತು ಅವರ ಹೂಡಿಕೆಯಲ್ಲಿ ದೊಡ್ಡ ಪಾಲು ಬರ್ನಾರ್ಡ್ ಮೇಡಾಫ್ ಎಂಬುವನ ಕೈಯಲ್ಲಿತ್ತು. 2008ರ ಡಿಸೆಂಬರ್‌ನಲ್ಲಿ ಆತನ ವ್ಯವಹಾರವೆಲ್ಲ ಮೋಸವೆಂದು ಬಯಲಾಯಿತು.

ಶೋಹೆ ಒಟಾನಿ ಅವರ ಕರಾರು ಇದೇ ಸೂತ್ರದ ಇನ್ನೊಂದು ಮುಖ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಅವರಿಗೆ 10 ವರ್ಷಕ್ಕೆ 70 ಕೋಟಿ ಡಾಲರ್ ಕೊಡಲು ಒಪ್ಪಿತು. ಆದರೆ ಆಟದ ವರ್ಷಗಳಲ್ಲಿ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ. ಉಳಿದ 6 ಕೋಟಿ 80 ಲಕ್ಷ ಪ್ರತಿ ವರ್ಷವೂ ಬಡ್ಡಿಯಿಲ್ಲದೆ ಹತ್ತು ವರ್ಷ ಮುಂದೆ ಹೋಗಿ 2034ರಿಂದ 2043ರವರೆಗೆ ಪಾವತಿಯಾಗುತ್ತದೆ. ಇಂದಿನ ಮೌಲ್ಯಕ್ಕೆ ಇಳಿಸಿದಾಗ ತೆರಿಗೆಯ ಲೆಕ್ಕಕ್ಕೆ ವರ್ಷಕ್ಕೆ ಬರುವುದು ಸುಮಾರು 4 ಕೋಟಿ 60 ಲಕ್ಷ ಮಾತ್ರ. ಡಾಡ್ಜರ್ಸ್ 2024 ಮತ್ತು 2025ರ ವರ್ಲ್ಡ್ ಸೀರೀಸ್ ಎರಡನ್ನೂ ಗೆದ್ದಿತು. ಹಾಗೆಯೇ 2019ರಲ್ಲಿ ಫಿಲಡೆಲ್ಫಿಯಾ ಫಿಲ್ಲೀಸ್ 13 ವರ್ಷಕ್ಕೆ 33 ಕೋಟಿ ಡಾಲರಿಗೆ ಸೇರಿಸಿಕೊಂಡ ಬ್ರೈಸ್ ಹಾರ್ಪರ್ 2021ರಲ್ಲಿ ಅತ್ಯುತ್ತಮ ಆಟಗಾರರಾದರು, 2022ರಲ್ಲಿ ತಂಡ ವರ್ಲ್ಡ್ ಸೀರೀಸ್ ತಲುಪಿತು. ಸಹಿ ಹಾಕಿದಾಗ ಅವರ ವಯಸ್ಸು 26. ಪುಹೋಲ್ಸ್ ಅವರಿಗೂ ಹಾರ್ಪರ್ ಅವರಿಗೂ ನಡುವಿನ ಆರು ವರ್ಷದ ಅಂತರವೇ ಅರ್ಧ ಕಥೆಯನ್ನು ಹೇಳುತ್ತದೆ.

ಸಹಿ ಯಾರದು, ಸಂದಾಯ ಯಾರದು?

ಕಂತಿನ ವಾದ ಸರಿಯೆಂದು ಒಪ್ಪಿಕೊಂಡರೆ ಅದರ ಜೊತೆಗೇ ಬರುವ ಕರ್ತವ್ಯವನ್ನೂ ಒಪ್ಪಬೇಕಾಗುತ್ತದೆ. 24 ಕೋಟಿಗೆ ಕೊಂಡದ್ದು ಐದು ವರ್ಷದ ಆಟವಾದರೆ, ವರ್ಷದ ನಿಜವಾದ ವೆಚ್ಚ 4 ಕೋಟಿ 80 ಲಕ್ಷ. 2 ಕೋಟಿ 40 ಲಕ್ಷವಲ್ಲ. ಎಂಟು ವರ್ಷ ಓಡುವ ಲಾರಿಗೆ ಹದಿನೈದು ವರ್ಷದ ಸಾಲ ಮಾಡಿದ ಸಾಗಣೆದಾರ, ಸವಕಳಿಯನ್ನೂ ಹದಿನೈದು ವರ್ಷಕ್ಕೆ ಹಂಚಿ ಲಾಭ ತೋರಿಸಿದರೆ ಯಾವ ಲೆಕ್ಕ ಪರಿಶೋಧಕನೂ ಅದಕ್ಕೆ ಸಹಿ ಹಾಕಲಾರ. ಭಾರತದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 37 ಕೂಡ, ಬರುವ ಪ್ರಯೋಜನಕ್ಕಿಂತ ತೆರಬೇಕಾದ ವೆಚ್ಚವೇ ಹೆಚ್ಚಾದ ಹೊರೆಯ ಕರಾರಿಗೆ ಕೂಡಲೇ ನಿಧಿ ತೆಗೆದಿರಿಸಬೇಕೆಂದು ವಿಧಿಸುತ್ತದೆ. ನಷ್ಟ ಕಣ್ಣಿಗೆ ಕಂಡ ದಿನವೇ ಪುಸ್ತಕಕ್ಕೆ ಬರಬೇಕು. ಕಂತು ಕಟ್ಟುವ ದಿನಕ್ಕಾಗಿ ಕಾಯಬಾರದು.

ಬೇಸ್‌ಬಾಲಿನಲ್ಲಿ ಈ ಶಿಸ್ತಿಗೆ ಅಡ್ಡಿಯಾಗುವುದು, ಸಹಿ ಹಾಕುವ ಕೈ ಮತ್ತು ಸಂದಾಯ ಮಾಡುವ ಕೈ ಬೇರೆಬೇರೆಯಾಗಿರುವುದು. ವ್ಯವಸ್ಥಾಪಕನಿಗೆ ಈ ವರ್ಷದ ಗೆಲುವು ಬೇಕು. ಹತ್ತನೆಯ ವರ್ಷಕ್ಕೆ ಆತ ಆ ಕುರ್ಚಿಯಲ್ಲಿ ಇರುವುದು ಅನುಮಾನ. ಬೊನಿಲಾ ಕರಾರು ಮಾಡಿದ ಒಡೆಯರು 2020ರಲ್ಲಿ ಮೆಟ್ಸ್ ಕ್ಲಬ್ಬನ್ನು ಸ್ಟೀವ್ ಕೋಹೆನ್ ಅವರಿಗೆ ಮಾರಿದರು. ಅಂದಿನಿಂದ ಪ್ರತಿ ಜುಲೈ 1ರ ಕಂತು ಹೊಸ ಒಡೆತನದ ಹೊಣೆ. ಅದೇ ಕೋಹೆನ್ ಅವರ ಕ್ಲಬ್ಬು 2024ರ ಡಿಸೆಂಬರ್‌ನಲ್ಲಿ 26 ವರ್ಷದ ಹ್ವಾನ್ ಸೋಟೊ ಅವರೊಡನೆ 15 ವರ್ಷಕ್ಕೆ 76 ಕೋಟಿ 50 ಲಕ್ಷ ಡಾಲರಿನ ಕರಾರು ಮಾಡಿಕೊಂಡಿದೆ. ಅದರ ಕೊನೆಯ ವರ್ಷ 2039. ಆಗ ಸೋಟೊ ಅವರಿಗೆ 40 ವರ್ಷ. ಈ ಸಂಗತಿಯನ್ನು ಆಟಗಾರರೇ ಚೆನ್ನಾಗಿ ಅರಿತಿದ್ದಾರೆ. ಕ್ಲಬ್ಬಿನ ಮುಖ್ಯ ಒಡೆಯ ಮಾರ್ಕ್ ವಾಲ್ಟರ್ ಅಥವಾ ಮುಖ್ಯ ವ್ಯವಸ್ಥಾಪಕ ಆಂಡ್ರ್ಯೂ ಫ್ರೀಡ್‌ಮನ್ ಸಂಸ್ಥೆಯನ್ನು ಬಿಟ್ಟರೆ ತಾನೂ ಹೊರಹೋಗಬಹುದೆಂಬ ಷರತ್ತು ಒಟಾನಿ ಅವರ ಕರಾರಿನಲ್ಲಿದೆ.

ಆದಾಯದ ಕಡೆಯೂ ಇದೇ ಎಚ್ಚರ ಬೇಕು. ಡಾಡ್ಜರ್ಸ್‌ಗೆ 2014ರ ಋತುವಿನಿಂದ 25 ವರ್ಷಗಳ ದೂರದರ್ಶನ ಪ್ರಸಾರ ಒಪ್ಪಂದವಿದೆ. ಉದ್ದನೆಯ ಹೊಣೆಗೆ ಉದ್ದನೆಯ ಆದಾಯದ ಆಸರೆ. ಪ್ಯಾಡ್ರೆಸ್ ಕ್ಲಬ್ಬಿನ ಸ್ಥಿತಿ ಹಾಗಿರಲಿಲ್ಲ. ಬೋಗಾರ್ಟ್ಸ್ ಅವರ ಕರಾರಾದ ಮೂರೇ ತಿಂಗಳಲ್ಲಿ, 2023ರ ಮಾರ್ಚ್‌ನಲ್ಲಿ, ಅದರ ಪಂದ್ಯಗಳನ್ನು ಪ್ರಸಾರ ಮಾಡುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ ದಿವಾಳಿ ಅರ್ಜಿ ಹಾಕಿತು. ಮೇ ತಿಂಗಳ ಕೊನೆಯಲ್ಲಿ ಪ್ಯಾಡ್ರೆಸ್ ಪ್ರಸಾರವನ್ನೇ ಕೈಬಿಟ್ಟಿತು. ಆ ಕರಾರುಗಳ ಹಿಂದಿದ್ದ ಒಡೆಯ ಪೀಟರ್ ಸೈಡ್ಲರ್ 2023ರ ನವೆಂಬರ್‌ನಲ್ಲಿ ನಿಧನರಾದರು. ಡಿಸೆಂಬರ್‌ನಲ್ಲಿ ತಂಡದ ಶ್ರೇಷ್ಠ ಬ್ಯಾಟರ್ ಸೋಟೊ ಯಾಂಕೀಸ್ ಪಾಲಾದರು. ಆದಾಯ ಒಂದು ತಿಂಗಳಲ್ಲಿ ನಿಲ್ಲಬಹುದು. ಹನ್ನೊಂದು ವರ್ಷದ ಕರಾರು ಮಾತ್ರ ನಿಲ್ಲುವುದಿಲ್ಲ.

ಬಹುತೇಕ ಕ್ಲಬ್ಬುಗಳು ಖಾಸಗಿ ಒಡೆತನದಲ್ಲಿರುವುದರಿಂದ ಅವುಗಳ ಲೆಕ್ಕಪತ್ರ ಹೊರಗಿನವರಿಗೆ ಕಾಣುವುದಿಲ್ಲ. ಬಾಲದ ಭಾರ ಬಿದ್ದಾಗ ಅದನ್ನು ಹೊರುವವರು ಟಿಕೆಟ್ ಕೊಳ್ಳುವ ಊರಿನ ಜನ, ಮತ್ತು ಬಲಗುಂದಿದ ತಂಡದಲ್ಲಿ ಕನಿಷ್ಠ ವೇತನಕ್ಕೆ ದುಡಿಯುವ ಇಪ್ಪತ್ತಮೂರರ ಯುವಕರು. ಕ್ಲಬ್ಬು ದಿವಾಳಿಯಾದರೆ ಸರಬರಾಜುದಾರರೂ ಅದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಮಾಡಬೇಕಾದದ್ದು

ಇದಕ್ಕೆ ಪರಿಹಾರ ವೇತನಕ್ಕೆ ಕತ್ತರಿ ಹಾಕುವುದಲ್ಲ. ಆಟ ಆಡುವ ವರ್ಷದಲ್ಲಿಯೇ ಆಟದ ಬೆಲೆ ಕೊಡುವುದು ಮೊದಲ ಹೆಜ್ಜೆ. ಆರು ವರ್ಷಗಳ ಕಾಯುವಿಕೆಯನ್ನು ಕಡಿಮೆ ಮಾಡಿ ಯುವ ಆಟಗಾರರಿಗೆ ನ್ಯಾಯವಾದ ವೇತನ ನೀಡಿದರೆ, ಮೂವತ್ತು ದಾಟಿದ ಮೇಲೆ ಹತ್ತು ವರ್ಷದ ಖಾತರಿ ಕೇಳುವ ಅಗತ್ಯವೇ ಬಹುಪಾಲು ತಗ್ಗುತ್ತದೆ. ಉದ್ದನೆಯ ಕರಾರು ಅನಿವಾರ್ಯವಾದಲ್ಲಿ ಏಣಿಯನ್ನು ತಿರುಗಿಸಿ, ದೊಡ್ಡ ಕಂತು ಮೊದಲು, ಸಣ್ಣ ಕಂತು ಕೊನೆಗೆ ಬರುವಂತೆ ಮಾಡಬೇಕು. ಮುಂದೂಡಿದ ವೇತನಕ್ಕೆ ನಿಧಿ ತೆಗೆದಿರಿಸಬೇಕೆಂಬ ನಿಯಮ ಆಟಗಾರರ ಸಂಘದೊಡನೆ ಆದ ಒಡಂಬಡಿಕೆಯಲ್ಲಿ ಈಗಾಗಲೇ ಇದೆ. ಕರಾರಿನ ಬಾಲದ ಸಾಮಾನ್ಯ ವೇತನಕ್ಕೂ ಅದೇ ಶಿಸ್ತು ಅನ್ವಯವಾಗಬೇಕು.

ಪರೀಕ್ಷಿಸಿ ಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕಾರ್ಲೋಸ್ ಕೊರಿಯಾ ಅವರ ಪ್ರಸಂಗ ಇಲ್ಲಿ ನೆನಪಿಡತಕ್ಕದ್ದು. 2022ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅವರಿಗೆ 13 ವರ್ಷಕ್ಕೆ 35 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿ ಕಾಲಿನ ಹಳೆಯ ಗಾಯದ ಬಗ್ಗೆ ಸಂಶಯ ಬಂದು ಹಿಂದೆ ಸರಿಯಿತು. ಕೂಡಲೇ ಮೆಟ್ಸ್ 12 ವರ್ಷಕ್ಕೆ 31 ಕೋಟಿ 50 ಲಕ್ಷಕ್ಕೆ ಒಪ್ಪಿ, ಅದೇ ಕಾರಣಕ್ಕೆ ತಡೆದು ನಿಂತಿತು. ಕೊನೆಗೆ 2023ರ ಜನವರಿಯಲ್ಲಿ ಮಿನೆಸೋಟ ಟ್ವಿನ್ಸ್‌ನೊಡನೆ ಆದ ಕರಾರು 6 ವರ್ಷಕ್ಕೆ 20 ಕೋಟಿ. ಆ ಕಾಲು ಮುಂದೆ ತಡೆದುಕೊಂಡೀತೇ ಎಂಬುದಕ್ಕಿಂತ, ಸಂಶಯಕ್ಕೂ ಒಂದು ಬೆಲೆ ಕಟ್ಟಿ ಅವಧಿಯನ್ನು ಅರ್ಧಕ್ಕೆ ಇಳಿಸಿದ್ದೇ ವ್ಯವಹಾರದ ವಿವೇಕ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಾಮಾನ್ಯವಾಗಿ ಮೊತ್ತದ ಬಗ್ಗೆ ಹೇಳುತ್ತಾರೆ. ಅದು ಅವಧಿಗೂ ಅಷ್ಟೇ ಸಲ್ಲುತ್ತದೆ. ಮಳಿಗೆಯ ದೀರ್ಘ ಬಾಡಿಗೆಯಾಗಲಿ, ಯಂತ್ರದ ಸಾಲವಾಗಲಿ, ಹಿರಿಯ ಅಧಿಕಾರಿಯ ನೇಮಕವಾಗಲಿ, ಬಹು ವರ್ಷದ ಕರಾರಿಗೆ ಸಹಿ ಹಾಕುವ ಮುನ್ನ ಉದ್ಯಮಿಯು ಕೊನೆಯ ಮೂರು ವರ್ಷಗಳ ಪುಟವನ್ನು ಮೊದಲು ತೆರೆದು ಓದಲಿ. ಆ ವರ್ಷಗಳಲ್ಲಿ ವಸ್ತುವಿನ ಉಪಯೋಗವೆಷ್ಟು, ಕಂತು ಎಷ್ಟು, ಅದನ್ನು ಕಟ್ಟುವ ಕುರ್ಚಿಯಲ್ಲಿ ಕುಳಿತಿರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಲೇಖನಿ ಕೈಗೆ ಬರಲಿ.